ಅರಸನಿಗೆ ಮುಖ ಬರೆಯುವವರು

ಮೆಚ್ಚಿನ ಐತಿಹಾಸಿಕ ಕಾದಂಬರಿಯೊಂದು ಚಿತ್ರಕಥೆಯಾಗಿ ಕೈಗೆ ಬಂದಾಗ ಓದುಗ ಮೊದಲು ಹುಡುಕುವುದು ಕಥೆಯನ್ನಲ್ಲ, ಮುಖಗಳನ್ನು. ವರ್ಷಗಟ್ಟಲೆ ಮನಸ್ಸಿನಲ್ಲಿ ಸಾಕಿಕೊಂಡಿದ್ದ ನಾಯಕ ಇವನೇ ಏನು? ರಾಣಿಗೆ ಇಂಥ ಕಣ್ಣುಗಳಿದ್ದವೆ? ಹೆಚ್ಚಿನವರಿಗೆ ಮೊದಲ ನೋಟದಲ್ಲಿ ನಿರಾಸೆಯೇ ಕಟ್ಟಿಟ್ಟದ್ದು. ಅದು ಚಿತ್ರಕಾರನ ತಪ್ಪಲ್ಲ. ಕಾದಂಬರಿಕಾರ ‘ಗಂಭೀರ ಮುಖದವನು’ ಎಂದು ಎರಡು ಮಾತಿನಲ್ಲಿ ಮುಗಿಸಿ ಮುಂದೆ ಹೋಗಬಹುದು. ಚಿತ್ರಕಾರ ಮೂಗು, ಹುಬ್ಬು, ಪೇಟ, ಪಾದರಕ್ಷೆ ಸಮೇತ ಎಲ್ಲವನ್ನೂ ತೀರ್ಮಾನಿಸಲೇಬೇಕು.

ತಮಿಳರು ಈ ಪೇಚನ್ನು ಚೆನ್ನಾಗಿ ಬಲ್ಲರು. ಕಲ್ಕಿ ಕೃಷ್ಣಮೂರ್ತಿ 1950ರಿಂದ 1954ರವರೆಗೆ ತಮ್ಮ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ ‘ಪೊನ್ನಿಯಿನ್ ಸೆಲ್ವನ್’ಗೆ ಮಣಿಯಂ ಚಿತ್ರ ಬರೆದರು. ಚೋಳರ ರಾಜಕುಮಾರರು ಹೇಗಿದ್ದರೆಂಬುದು ಓದುಗರ ಪಾಲಿಗೆ ಅಲ್ಲಿಗೆ ಇತ್ಯರ್ಥವಾಯಿತು. ಇತ್ತೀಚಿನ ವರ್ಷಗಳಲ್ಲಿ ಅದು ಕಾಮಿಕ್ಸ್ ಆದಾಗಲೂ, 2022 ಮತ್ತು 2023ರಲ್ಲಿ ಸಿನಿಮಾ ಆದಾಗಲೂ ಹೊಸ ಮುಖಗಳು ಆ ಹಳೆಯ ಮುಖಗಳ ಜೊತೆ ಪೈಪೋಟಿಗೆ ಇಳಿಯಬೇಕಾಯಿತು.

ಕನ್ನಡದ ಮಕ್ಕಳಿಗೆ ಇತಿಹಾಸದ ಚಿತ್ರಕಥೆಯೆಂದರೆ ಬಹುಕಾಲ ‘ಅಮರ ಚಿತ್ರಕಥೆ’ಯೇ. ಅದನ್ನು ರೂಪಿಸಿದ ಅನಂತ ಪೈ (1929–2011) ಕಾರ್ಕಳದಲ್ಲಿ ಹುಟ್ಟಿದವರು. ಬಂಕಿಮಚಂದ್ರರ ‘ಆನಂದಮಠ’, ‘ದೇವಿ ಚೌಧುರಾಣಿ’ಯಂಥ ಕಾದಂಬರಿಗಳೂ ಈ ಮಾಲೆಯಲ್ಲಿ ಬಂದವು. ಒಂದು ಪುಸ್ತಿಕೆಗೆ ಸಾಮಾನ್ಯವಾಗಿ 32 ಪುಟ. ಅಷ್ಟರಲ್ಲಿ ಕತ್ತಿ, ಕುದುರೆ, ಪ್ರತಿಜ್ಞೆಗಳು ಹಿಡಿಸುತ್ತವೆ. ಪಾತ್ರಗಳ ಅನುಮಾನ, ಹಿಂಜರಿಕೆಗಳಿಗೆ ಮಾತ್ರ ಜಾಗ ಸಾಲುವುದಿಲ್ಲ.

ಚಿತ್ರದಂತೆ ಕಣ್ಣಿಗೆ ಕಟ್ಟುವ ಒಂದು ಸನ್ನಿವೇಶ ಇತಿಹಾಸವನ್ನೇ ಹೇಗೆ ಬದಿಗೊತ್ತುತ್ತದೆ ಎಂಬುದನ್ನು ಕಾಣಲು ಮೈಸೂರು–ಮಡಿಕೇರಿ ರಸ್ತೆಯಲ್ಲಿ, ಕಾವೇರಿಯ ದಡದಲ್ಲಿರುವ ಕುಶಾಲನಗರಕ್ಕೆ ಬರಬೇಕು. ಹೈದರಾಲಿ ಇಲ್ಲಿ ಬೀಡುಬಿಟ್ಟಿದ್ದಾಗ ಟಿಪ್ಪು ಹುಟ್ಟಿದ ಸುದ್ದಿ ಬಂತಂತೆ, ಖುಷಿಯಾಗಿ ಊರಿಗೆ ಈ ಹೆಸರಿಟ್ಟನಂತೆ. ಡೇರೆ, ಓಡಿ ಬಂದ ಸವಾರ, ನಗುವ ತಂದೆ, ಹಿಂದೆ ಹೊಳೆ: ಚಿತ್ರಕಥೆಗೆ ಇದಕ್ಕಿಂತ ಒಳ್ಳೆಯ ಚೌಕಟ್ಟು ಬೇಕೆ? ಆದರೆ ಟಿಪ್ಪು ಹುಟ್ಟಿದ್ದು 1750ರ ಸುಮಾರಿಗೆ, ದೇವನಹಳ್ಳಿಯಲ್ಲಿ. ಹೈದರ್ ಕೊಡಗಿನತ್ತ ಕಣ್ಣು ಹಾಯಿಸಿದ್ದು 1760ರ ದಶಕದಲ್ಲಿ. ಲೆಕ್ಕ ಕೂಡುವುದಿಲ್ಲ. ಕಥೆ ಮಾತ್ರ ಊರು ಬಿಟ್ಟು ಹೋಗಿಲ್ಲ.

ಊರಿನ ಇನ್ನೊಂದು ಹೆಸರಿಗೆ ಇಂಥ ಸೊಗಸಿಲ್ಲ, ದಾಖಲೆ ಇದೆ. 1834ರ ಏಪ್ರಿಲ್‌ನಲ್ಲಿ ಕಂಪನಿಯ ಪಡೆಗಳು ಕೊಡಗಿಗೆ ನುಗ್ಗಿ ಮಡಿಕೇರಿಯನ್ನು ಹಿಡಿದವು. ಕೊನೆಯ ಹಾಲೇರಿ ಅರಸ ಚಿಕ್ಕವೀರರಾಜೇಂದ್ರ ಶರಣಾದ. ಕಂಪನಿಯ ರಾಜಕೀಯ ಪ್ರತಿನಿಧಿಯಾಗಿದ್ದ ಕರ್ನಲ್ ಫ್ರೇಸರನ ಹೆಸರಿನಲ್ಲಿ ಕುಶಾಲನಗರ ‘ಫ್ರೇಸರ್‌ಪೇಟೆ’ಯಾಯಿತು. ಅದೇ ಫ್ರೇಸರ್ ಹೊರಡಿಸಿದ ಘೋಷಣೆ, ಕೊಡಗಿನ ಜನರೆಲ್ಲ ಒಮ್ಮತದಿಂದ ಕಂಪನಿಯ ಆಳ್ವಿಕೆಯನ್ನು ಬಯಸಿದ್ದಾರೆಂದು ಸಾರಿತು. ಅರಸ ಕ್ರೂರಿ ಎಂಬುದು ದಂಡಯಾತ್ರೆಗೆ ಕೊಟ್ಟ ಕಾರಣ. ನಾಡನ್ನು ನುಂಗಿದವರೇ ಅದರ ಅರಸನ ಚರಿತ್ರೆಯನ್ನೂ ಬರೆದರೆ ಅದನ್ನು ಎಷ್ಟು ನಂಬಬೇಕು?

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚಿಕವೀರ ರಾಜೇಂದ್ರ’ (1956) ನಿಂತಿರುವುದು ಈ ಇಕ್ಕಟ್ಟಿನ ಮೇಲೆ. ಮಾಸ್ತಿಯವರ ಅರಸ ಒಳ್ಳೆಯವನಲ್ಲ. ಕುಡುಕ, ಲಂಪಟ, ಹಠಮಾರಿ. ಆದರೆ ಅವನನ್ನು ಹಿಡಿದು ನಿಲ್ಲಿಸಲು ರಾಣಿ ಗೌರಮ್ಮ ಪಡುವ ಪಾಡು, ಮಂತ್ರಿಗಳಾದ ಲಕ್ಷ್ಮೀನಾರಾಯಣಯ್ಯ, ಬೋಪಣ್ಣರ ತಳಮಳ, ಇವೇ ಕಾದಂಬರಿಯ ಜೀವ. ಅರಸ ಕೆಟ್ಟವನೆಂದು ನಾಡನ್ನು ಪರರ ಕೈಗೆ ಕೊಡಬಹುದೆ ಎಂಬ ಪ್ರಶ್ನೆ ಪುಟಗಟ್ಟಲೆ ಬೇಯುತ್ತದೆ. ಇದನ್ನು ಮಾತಿನ ಬಲೂನಿಗೆ ಇಳಿಸುವುದು ಹೇಗೆ? ಎರಡು ಸಾಲಿಗೆ ಮುಗಿಸಿದರೆ ಬೋಪಣ್ಣ ದ್ರೋಹಿಯಾಗುತ್ತಾನೆ, ಇಲ್ಲವೇ ವೀರನಾಗುತ್ತಾನೆ. ಮಾಸ್ತಿಯವರಲ್ಲಿ ಅವನು ಇವೆರಡೂ ಅಲ್ಲ.

ಅದಕ್ಕಿಂತ ದೊಡ್ಡ ಅಪಾಯ ಕುಂಟ ಬಸವನದು. ಅರಸನ ಬಾಲ್ಯದ ಸಂಗಾತಿ, ಆಮೇಲೆ ಮಂತ್ರಿಯಾಗಿ ಅವನ ದುಶ್ಚಟಗಳಿಗೂ ಜೊತೆಯಾದವನು. ಬರವಣಿಗೆಯಲ್ಲಿ ಕುಂಟು ಒಂದು ಸಂಗತಿ ಮಾತ್ರ. ಹೇಳಿದ ಮೇಲೆ ಓದುಗ ಅದನ್ನು ಮರೆತು ಅವನ ಸ್ವಾಮಿನಿಷ್ಠೆಯತ್ತ ನೋಡಬಲ್ಲ. ಚಿತ್ರದಲ್ಲಿ ಅದು ಪ್ರತಿ ಚೌಕಟ್ಟಿನಲ್ಲೂ ಕಣ್ಣಿಗೆ ಬೀಳುತ್ತದೆ. ಅಂಗವೈಕಲ್ಯವನ್ನೇ ದುಷ್ಟತನದ ಗುರುತಾಗಿ ಬರೆಯುವ ಚಾಳಿ ನಮ್ಮ ಚಿತ್ರಕಥೆಗಳಿಗೂ ಸಿನಿಮಾಗಳಿಗೂ ಹೊಸದಲ್ಲ. ಬಸವನನ್ನು ಹಾಗೆ ಬರೆದರೆ ಓದುವ ಮೊದಲೇ ತೀರ್ಪಾಗಿಬಿಡುತ್ತದೆ. ಕೆಂಪು ಕಣ್ಣಿನ ಅರಸನನ್ನು ಬರೆದರೂ ಅಷ್ಟೆ, ಫ್ರೇಸರನ ಘೋಷಣೆಗೆ ಚಿತ್ರ ಬರೆದುಕೊಟ್ಟಂತೆ.

ಹಾಗೆಂದು ಚಿತ್ರಕಾರನಿಗೆ ಆಧಾರಗಳ ಕೊರತೆಯಿಲ್ಲ. ದೊಡ್ಡವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆ ಇದೆ, 1820ರ ಓಂಕಾರೇಶ್ವರ ದೇವಾಲಯವಿದೆ, ಮಡಿಕೇರಿಯ ಕೋಟೆಯೂ ಗದ್ದಿಗೆಗಳೂ ಇವೆ. ಕೊಡವರ ಕುಪ್ಯ, ಚೇಲೆ, ಪೀಚೆಕತ್ತಿ ಮದುವೆ ಮನೆಗಳಲ್ಲಿ ಈಗಲೂ ಕಾಣಸಿಗುತ್ತವೆ. ಕೊಡವ ಹೆಂಗಸರು ಸೀರೆಯ ನೆರಿಗೆಯನ್ನು ಹಿಂದಕ್ಕೆ ಕಟ್ಟುತ್ತಾರೆ. ಚಿತ್ರದಲ್ಲಿ ಅದು ಮುಂದೆ ಬಂದರೆ ಕುಶಾಲನಗರದ ಶಾಲಾ ಹುಡುಗಿಯೂ ತಪ್ಪು ಹಿಡಿದಾಳು. ಆದರೆ ಹಾಲೇರಿ ಅರಸರು ಕೊಡವರಲ್ಲ, ಲಿಂಗಾಯತರು. ಅರಸನಿಗೂ ಅವನ ಕೊಡವ ದಿವಾನನಿಗೂ ಒಂದೇ ಉಡುಪು ತೊಡಿಸಿದರೆ ಆ ರಾಜ್ಯದ ಸ್ವರೂಪವೇ ಮರೆಯಾಗುತ್ತದೆ.

ಈ ಮನೆತನದಲ್ಲಿ ಅತ್ಯಂತ ಪ್ರಸಿದ್ಧವಾದ ಮುಖ ಅರಸನದಲ್ಲ, ಮಗಳದು. ಪದಚ್ಯುತ ಅರಸ ಕಾಶಿಯಲ್ಲಿದ್ದಾಗ 1841ರಲ್ಲಿ ಹುಟ್ಟಿದ ಗೌರಮ್ಮನನ್ನು ಅವನು 1852ರಲ್ಲಿ ಇಂಗ್ಲೆಂಡಿಗೆ ಕರೆದೊಯ್ದ. ಅಲ್ಲಿ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಹುಡುಗಿಗೆ ದೀಕ್ಷಾಸ್ನಾನವಾಯಿತು. ವಿಂಟರ್‌ಹಾಲ್ಟರ್ ಎಂಬ ಜರ್ಮನ್ ಚಿತ್ರಕಾರ ಅವಳನ್ನು ಭಾರತೀಯ ಉಡುಪು, ಒಡವೆಗಳಲ್ಲಿ ಚಿತ್ರಿಸಿದ. ಕಾದಂಬರಿಯ ರಾಣಿಗೂ ಗೌರಮ್ಮ ಎಂದೇ ಹೆಸರು. ಈ ಮುಖವನ್ನೇ ಅವಳಿಗೆ ಕೊಡೋಣವೆಂದು ಚಿತ್ರಕಾರನಿಗೆ ಅನಿಸಿದರೆ ಆಶ್ಚರ್ಯವಿಲ್ಲ. ಆದರೆ ಅದು ಇಂಗ್ಲೆಂಡಿನ ಅರಮನೆಗೆಂದು ಬರೆದ ಹುಡುಗಿಯ ಮುಖ. ಮಡಿಕೇರಿ ಬಿದ್ದಾಗ ಅವಳಿನ್ನೂ ಹುಟ್ಟಿರಲಿಲ್ಲ.