ಮತಗಟ್ಟೆಯ ದಾರಿ

ಮತದಾನ ಕಡಮೆಯಾದಾಗಲೆಲ್ಲ ಜನರ ಉದಾಸೀನತೆಯನ್ನು ದೂರುವುದು ರೂಢಿಯಾಗಿದೆ. ಆದರೆ ಮನೆಯಿಂದ ಮತಗಟ್ಟೆಗೆ ದಾರಿ ಎಷ್ಟು ಎಂಬುದನ್ನು ಮೊದಲು ಕೇಳಬೇಕೆಂದು ಇತಿಹಾಸವು ನಮಗೆ ತಿಳಿಸುತ್ತದೆ.

ಸ್ವತಂತ್ರ ಭಾರತದ ಪ್ರಥಮ ಮಹಾಚುನಾವಣೆಯಲ್ಲಿ ಸುಮಾರು 17 ಕೋಟಿ ಮತದಾರರಿದ್ದರು. ಮತವಿತ್ತವರು ನೂರಕ್ಕೆ ಸುಮಾರು 45 ಮಂದಿ. ದೇಶದ ಬಹುಭಾಗದಲ್ಲಿ ಮತದಾನ ನಡೆದುದು 1952ರ ಮೊದಲ ತಿಂಗಳುಗಳಲ್ಲಿ. ಆದರೆ ಹಿಮಾಚಲದ ಚೀನಿ ಪ್ರದೇಶದಲ್ಲಿ ಹಿಮ ಬಿದ್ದರೆ ದಾರಿಯೇ ಮುಚ್ಚುತ್ತಿತ್ತು. ಆದುದರಿಂದ ಅಲ್ಲಿ 1951ರ ಅಕ್ಟೋಬರ್ 25ರಂದೇ ಮತದಾನವಾಯಿತು. ಅಂದು ಮೊದಲ ಮತ ಹಾಕಿದವರೆಂದು ಪ್ರಸಿದ್ಧರಾದ ಶ್ಯಾಮ್ ಶರಣ್ ನೇಗಿಯವರು ಶಾಲಾ ಉಪಾಧ್ಯಾಯರು. ಬೇರೆ ಊರಿನ ಮತಗಟ್ಟೆಯ ಕೆಲಸಕ್ಕೆ ಹೋಗಬೇಕಾಗಿದ್ದುದರಿಂದ ಬೆಳಗ್ಗೆಯೇ ಮತವಿತ್ತು ಹೊರಟರು. 2022ರ ನವೆಂಬರಿನಲ್ಲಿ, ನಿಧನಕ್ಕೆ ಮೂರು ದಿನ ಮೊದಲು, ಮತಪತ್ರವೇ ಅವರ ಮನೆಗೆ ಬಂದಿತು.

ಮತದಾರನು 2 ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಬೇಕಾಗಬಾರದೆಂಬುದು ಇಂದು ಚುನಾವಣಾ ಆಯೋಗದ ಧೋರಣೆ. ಹಿಮಾಚಲದ ತಾಶಿಗಂಗ್ ಗ್ರಾಮದಲ್ಲಿ 15,256 ಅಡಿ ಎತ್ತರದಲ್ಲಿಯೂ ಮತಗಟ್ಟೆ ನಡೆದಿದೆ. 2022ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿನ 52 ಮತದಾರರ ಪೈಕಿ 51 ಮಂದಿ ಮತವಿತ್ತರು. ಚಳಿ ಅವರನ್ನು ತಡೆಯಲಿಲ್ಲ. ಮತಗಟ್ಟೆ ಊರಿಗೇ ಬಂದಿತ್ತು.

ಕೂಲಿಗಾಗಿ ಪರಊರಿಗೆ ಹೋದವನ ಪಾಡು ಬೇರೆ. ಹೆಸರು ಹುಟ್ಟೂರಿನ ಪಟ್ಟಿಯಲ್ಲಿಯೇ ಉಳಿದಿದ್ದರೆ, ಬಸ್ಸಿನ ಹಣವನ್ನೂ ದಿನದ ಕೂಲಿಯನ್ನೂ ತೆತ್ತಲ್ಲದೆ ಅವನಿಗೆ ಮತವಿಲ್ಲ. ಚುನಾವಣೆಯ ಕೆಲಸಕ್ಕೆ ಕುಳಿತುಕೊಳ್ಳುವ ಉಪಾಧ್ಯಾಯರಾದ ನಾವು, ಸಂಜೆ ಪಟ್ಟಿಯಲ್ಲಿ ಗುರುತು ಬೀಳದೆ ಉಳಿದ ಹೆಸರುಗಳನ್ನು ಕಂಡಾಗ, ಅವರನ್ನು ಹಳಿಯುವ ಮೊದಲು ಅವರ ದಾರಿಯನ್ನು ಅಳೆಯಬೇಕು.