ಈಜುಕೊಳದ ಕಾವಲು ಗಂಟೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿ, ಬೆಂಗಳೂರಿನ ಹೊರವಲಯದಲ್ಲಿ ತಾನು ಕಟ್ಟಿಸಿರುವ ಮನೆಯ ಗೃಹಪ್ರವೇಶಕ್ಕೆ ಆಹ್ವಾನಿಸಿದ. ಹಿತ್ತಲಿನಲ್ಲಿ ಚಿಕ್ಕದೊಂದು ಈಜುಕೊಳವನ್ನೂ ಮಾಡಿಸಿದ್ದಾನಂತೆ. ಅವನಿಗೆ ಮೂರು ವರ್ಷದ ಮಗಳಿರುವುದು ನನಗೆ ಗೊತ್ತಿತ್ತು. “ಕೊಳದ ಸುತ್ತ ಬೇಲಿ ಹಾಕಿಸಿದ್ದೀಯೇನಪ್ಪಾ?” ಎಂದು ಕೇಳಿದೆ. “ಬೇಲಿ ಹಾಕಿದ್ರೆ ಅಂದ ಕೆಡುತ್ತೆ ಸಾರ್. ಅಲಾರಂ ತರಿಸಿದ್ದೀನಿ, ಯಾರಾದ್ರೂ ನೀರಿಗೆ ಬಿದ್ರೆ ಅದೇ ಕೂಗಿಕೊಳ್ಳುತ್ತೆ” ಎಂದ. ಆ ಮಾತು ನನ್ನ ಮನಸ್ಸಿನಿಂದ ಹೋಗಲಿಲ್ಲ. ಫೋನಿನಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇತಿಹಾಸದ ಮೇಷ್ಟರಾದ ನನಗೆ ಏನನ್ನು ಹೇಳಬೇಕಾದರೂ ಮೊದಲಿನಿಂದ ಆರಂಭಿಸುವ ಅಭ್ಯಾಸ. ನಿಮಗೆಲ್ಲ ಅದು ತಿಳಿದೇ ಇದೆ.

ಮನೆಯ ಕಾವಲು ಗಂಟೆಯ ಕಥೆ ಆರಂಭವಾಗುವುದು ಕಳ್ಳರಿಂದ. ಅಮೆರಿಕದ ಬಾಸ್ಟನ್ ನಗರದ ಸಮೀಪದ ಸಾಮರ್‌ವಿಲ್‌ನಲ್ಲಿದ್ದ ಅಗಸ್ಟಸ್ ರಸೆಲ್ ಪೋಪ್ ಎಂಬುವರು 1853ರಲ್ಲಿ ವಿದ್ಯುತ್ ಗಂಟೆಯೊಂದಕ್ಕೆ ಪೇಟೆಂಟ್ ಪಡೆದರು. ಬಾಗಿಲಾಗಲೀ ಕಿಟಕಿಯಾಗಲೀ ತೆರೆದೊಡನೆ ವಿದ್ಯುತ್ ಮಂಡಲ ಪೂರ್ಣಗೊಂಡು, ವಿದ್ಯುತ್ಕಾಂತವು ಸುತ್ತಿಗೆಯನ್ನು ಸೆಳೆದು ಗಂಟೆ ಬಾರಿಸುವ ಸರಳ ಏರ್ಪಾಡು ಅದು. ಅದರ ಹಕ್ಕನ್ನು 1857ರಲ್ಲಿ ಕೊಂಡುಕೊಂಡ ಎಡ್ವಿನ್ ಹೋಮ್ಸ್ ಅದನ್ನೊಂದು ಉದ್ಯಮವಾಗಿ ಬೆಳೆಸಿದರು. ಮುಂದೆ 1936ರಲ್ಲಿ ಬೆಲ್ ಪ್ರಯೋಗಾಲಯದ ಎಲ್‌ವುಡ್ ಎಂಬುವರು, ಗಾಜಿನ ಕೊಳವೆಯೊಳಗೆ ಎರಡು ತೆಳ್ಳನೆಯ ಲೋಹದ ಎಸಳುಗಳನ್ನಿಟ್ಟು, ಅಯಸ್ಕಾಂತ ಹತ್ತಿರ ಬಂದಾಗ ಕೂಡಿಕೊಳ್ಳುವ ಸ್ವಿಚ್ಚನ್ನು ರೂಪಿಸಿದರು. ಇಂದು ಬಾಗಿಲಿನ ಚೌಕಟ್ಟಿಗೆ ಅಂಟಿಸುವ ಬೆಂಕಿಪೊಟ್ಟಣದ ಗಾತ್ರದ ಅಲಾರಂಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ.

ಹೊರಗಿನವನು ಒಳಗೆ ಬಾರದಿರಲೆಂದು ಹುಟ್ಟಿದ ಈ ಗಂಟೆ, ಮನೆಯ ಒಳಗಿನವರೇ ಹೊರಗೆ ಹೋಗದಂತೆ ಕಾಯುವ ಕೆಲಸಕ್ಕೆ ಬಂದದ್ದು ಈಜುಕೊಳಗಳ ಕಾಲದಲ್ಲಿ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಮಧ್ಯಮವರ್ಗದ ಹಿತ್ತಲುಗಳಲ್ಲಿ, ವಿಶೇಷವಾಗಿ ಕ್ಯಾಲಿಫೋರ್ನಿಯಾ ಮತ್ತು ಫ್ಲಾರಿಡಾಗಳಲ್ಲಿ, ಕೊಳಗಳು ಸಾಮಾನ್ಯವಾದವು. ಅದರೊಡನೆ ಒಂದು ದುಃಖವೂ ಬಂತು. ಆ ದೇಶದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ಮೊದಲನೆಯ ಕಾರಣ ನೀರಿನಲ್ಲಿ ಮುಳುಗುವುದು. ಅದೂ ಹೆಚ್ಚಾಗಿ ಮನೆಯ ಕೊಳಗಳಲ್ಲಿ. ಹಾಗಾಗಿ ಕಾನೂನಿನ ಭಾಷೆಯಲ್ಲಿ ‘ಅನಧಿಕೃತ ಪ್ರವೇಶ’ ಎಂಬ ಮಾತು ಕಳ್ಳನನ್ನು ಬಿಟ್ಟು ಎರಡು ವರ್ಷದ ಕೂಸಿಗೂ ಅನ್ವಯಿಸತೊಡಗಿತು.

ಕ್ಯಾಲಿಫೋರ್ನಿಯಾ ರಾಜ್ಯವು ಈಜುಕೊಳ ಸುರಕ್ಷತಾ ಕಾಯಿದೆಯನ್ನು 1996ರಲ್ಲಿ ಅಂಗೀಕರಿಸಿತು. 1998ರ ಜನವರಿಯಿಂದ ಮನೆಗಳಲ್ಲಿ ಹೊಸದಾಗಿ ಕಟ್ಟುವ ಕೊಳಗಳಿಗೆ ಕೆಲವು ರಕ್ಷಣೆಗಳಲ್ಲಿ ಯಾವುದಾದರೂ ಒಂದು ಇರಲೇಬೇಕೆಂದಿತು. ಬೇಲಿಯಾದರೆ ಕನಿಷ್ಠ 60 ಅಂಗುಲ ಎತ್ತರ. ಅದರ ಬಾಗಿಲು ಕೊಳದಿಂದ ಹೊರಮುಖವಾಗಿ ತೆರೆಯಬೇಕು, ತಾನಾಗಿ ಮುಚ್ಚಿ ತಾನಾಗಿ ಚಿಲಕ ಬೀಳಬೇಕು, ಚಿಲಕವೂ 60 ಅಂಗುಲಕ್ಕಿಂತ ಕೆಳಗಿರಬಾರದು. ಬೇಲಿ ಬೇಡವಾದರೆ ಭದ್ರವಾದ ಮುಚ್ಚಳ, ಅದೂ ಬೇಡವಾದರೆ ಮನೆಯಿಂದ ಕೊಳದ ಕಡೆಗೆ ತೆರೆಯುವ ಬಾಗಿಲುಗಳಿಗೆ ಅಲಾರಂ. ಬಾಗಿಲಿನ ಅಲಾರಂ ಎಲ್ಲಕ್ಕಿಂತ ಅಗ್ಗವೆಂಬುದನ್ನು ಹೇಳಬೇಕಾಗಿಲ್ಲ.

ನನ್ನ ಮಗಳ ಮನೆ ಅಂಥದ್ದೊಂದು. 2019ರ ಬೇಸಿಗೆಯಲ್ಲಿ ನಾನೂ ನನ್ನ ಪತ್ನಿಯೂ ಮೂರು ತಿಂಗಳು ಅಲ್ಲಿದ್ದೆವು. ಹಿತ್ತಲ ಬಾಗಿಲು ತೆರೆದೊಡನೆ ಕಿವಿ ಕಿತ್ತುಹೋಗುವಂತೆ ಅರಚುವ ಅಲಾರಂ. ಇಂಥ ಅಲಾರಂ ಹೇಗಿರಬೇಕೆಂದು ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಮಾರ್ಗಸೂಚಿ ಕೊಟ್ಟಿದೆ: ಬಾಗಿಲು ತೆರೆದ 7 ಸೆಕೆಂಡಿನೊಳಗೆ ಕೂಗಬೇಕು, ಕನಿಷ್ಠ 30 ಸೆಕೆಂಡು ಕೂಗಬೇಕು, 10 ಅಡಿ ದೂರದಲ್ಲಿ 85 ಡೆಸಿಬಲ್ ಇರಬೇಕು. ದೊಡ್ಡವರು ದಾಟಿಹೋಗಲು 15 ಸೆಕೆಂಡಿನ ಮಟ್ಟಿಗೆ ಅದನ್ನು ಸುಮ್ಮನಾಗಿಸುವ ಗುಂಡಿಯೊಂದಿರುತ್ತದೆ; ಅದು ಹೊಸ್ತಿಲಿನಿಂದ 54 ಅಂಗುಲ ಮೇಲಿರಬೇಕು. ಬೆಳಿಗ್ಗೆ ತುಳಸಿಗೆ ನೀರು ಹಾಕಲು ಹೋಗುವಾಗಲೆಲ್ಲ ನಾನು ಆ ಗುಂಡಿಯನ್ನು ಮರೆಯುತ್ತಿದ್ದೆ. ಮನೆಯವರೆಲ್ಲ ಬೆಚ್ಚಿ ಏಳುತ್ತಿದ್ದರು. ನನಗೆ ನಾಚಿಕೆ. ಕೊನೆಗೊಂದು ಮಧ್ಯಾಹ್ನ, ಯಾರಿಗೂ ಹೇಳದೆ, ಅದರ ಬ್ಯಾಟರಿಯನ್ನು ತೆಗೆದು ಕಿಟಕಿಯ ಮೇಲಿಟ್ಟುಬಿಟ್ಟೆ.

ಮೂರನೆಯ ದಿನ ನಾನು ಸೋಫಾದ ಮೇಲೆ ತೂಕಡಿಸುತ್ತಿದ್ದಾಗ, ಮಹಡಿಯಿಂದ ಇಳಿದು ಬಂದ ಮಗಳು ಗಾಜಿನಾಚೆ ನೋಡಿ ಓಡಿದಳು. ಎರಡೂವರೆ ವರ್ಷದ ಮೊಮ್ಮಗ ಕೊಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು, ನೀರಿನಲ್ಲಿ ತೇಲಿಹೋಗುತ್ತಿದ್ದ ತನ್ನ ಆಟದ ಲಾರಿಯ ಕಡೆಗೆ ಕೈಚಾಚುತ್ತಿದ್ದ. ಅವಳು ಅವನನ್ನು ಎತ್ತಿಕೊಂಡು ಬಂದು, ಕಿಟಕಿಯ ಮೇಲಿದ್ದ ಬ್ಯಾಟರಿಯನ್ನು ನೋಡಿದಳು. ಬೈಯಲಿಲ್ಲ. “ಅಪ್ಪಾ, ಇದು ಕಳ್ಳರಿಗೆ ಅಂತ ಹಾಕಿದ್ದಲ್ಲ” ಎಂದಳು, ಅಷ್ಟೇ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಊರಿನ ಮಕ್ಕಳನ್ನು ಕಾಯ್ದವನೆಂದು ಹೆಮ್ಮೆಪಡುತ್ತಿದ್ದ ನಾನು ಆ ರಾತ್ರಿ ಊಟ ಮಾಡಲಿಲ್ಲ.

ಅಲ್ಲಿಂದ ಮುಂದೆ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಕ್ಯಾಲಿಫೋರ್ನಿಯಾದವರೇ 2017ರಲ್ಲಿ ಕಾಯಿದೆಯನ್ನು ತಿದ್ದಿ, 2018ರ ಜನವರಿಯಿಂದ ಹೊಸ ಕೊಳಕ್ಕೂ ದುರಸ್ತಿಗೆ ಅನುಮತಿ ಕೇಳುವ ಹಳೆಯ ಕೊಳಕ್ಕೂ ಏಳು ರಕ್ಷಣೆಗಳಲ್ಲಿ ಒಂದಲ್ಲ, ಎರಡು ಇರಬೇಕೆಂದಿದ್ದರು. ಒಂದನ್ನೇ ನಂಬಬಾರದೆಂಬುದನ್ನು ಅವರು ಇಪ್ಪತ್ತು ವರ್ಷಗಳಲ್ಲಿ ಕಲಿತಿದ್ದರು. ನಾನು ಮೂರು ದಿನಗಳಲ್ಲಿ ಕಲಿತೆ.

ನನ್ನ ವಿದ್ಯಾರ್ಥಿ ತರಿಸಿರುವುದು ನೀರಿನೊಳಗಿನ ಅಲಾರಂ. ಕೊಳದ ಅಂಚಿಗೆ ಪೆಟ್ಟಿಗೆಯೊಂದನ್ನು ಕೂರಿಸಿ, ಅದರಿಂದ ಒಂದು ಕೊಳವೆಯನ್ನು ನೀರಿಗೆ ಇಳಿಬಿಟ್ಟಿರುತ್ತಾರೆ. ಭಾರವಾದದ್ದು ಬಿದ್ದಾಗ ನೀರಿನೊಳಗೆ ಏಳುವ ಒತ್ತಡದ ಅಲೆ ಕೊಳವೆಯ ಮೂಲಕ ಸಂವೇದಕವನ್ನು ಮುಟ್ಟಿ ಗಂಟೆ ಕೂಗುತ್ತದೆ. ಗಾಳಿಗೆ ಏಳುವ ಅಲೆಗೂ ಮಗು ಬಿದ್ದ ಅಲೆಗೂ ವ್ಯತ್ಯಾಸ ತಿಳಿಯುವುದೇ ಅದರ ಕಷ್ಟ. ಮೇಲೆ ಹೇಳಿದ ಆಯೋಗವೇ 2000ದಲ್ಲಿ ಇವುಗಳನ್ನು ಪರೀಕ್ಷಿಸಿ, ನೀರಿನ ಮೇಲೆ ತೇಲುವ ಅಲಾರಂಗಳಿಗಿಂತ ನೀರಿನೊಳಗಿನ ಅಲೆಯನ್ನು ಗ್ರಹಿಸುವವು ಹೆಚ್ಚು ನಂಬಿಕೆಗೆ ಅರ್ಹವೆಂದೂ, ಮನೆಯೊಳಗೂ ಕೇಳುವಂತೆ ಇನ್ನೊಂದು ಗಂಟೆ ಇರಬೇಕೆಂದೂ ಹೇಳಿತು. ಸುಮ್ಮಸುಮ್ಮನೆ ಕೂಗುವ ಗಂಟೆಯ ಗತಿ ಏನಾಗುತ್ತದೆಂದು ನಾವು ಬಿ.ಎಡ್. ತರಗತಿಯಲ್ಲೇ ಓದಿದ್ದೆವು. ಗಂಟೆಯ ಹಿಂದೆ ಆಹಾರ ಬಾರದೆ ಹೋದರೆ ಪಾವ್ಲೋವನ ನಾಯಿಯೂ ಕ್ರಮೇಣ ಜೊಲ್ಲು ಸುರಿಸುವುದನ್ನು ನಿಲ್ಲಿಸುತ್ತದೆ. ಓದಿ, ಪರೀಕ್ಷೆಯಲ್ಲಿ ಬರೆದು, ಅಂಕ ಪಡೆದಿದ್ದೆ; ಬ್ಯಾಟರಿ ತೆಗೆಯುವಾಗ ಮಾತ್ರ ಅದು ನೆನಪಾಗಲಿಲ್ಲ.

ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಮಾಡಿದ್ದು ಫ್ರಾನ್ಸ್. ಅಲ್ಲಿನ 2003ರ ಜನವರಿ 3ರ ಕಾನೂನು, ನೆಲದಲ್ಲಿ ತೋಡಿದ ಖಾಸಗಿ ಕೊಳಗಳಿಗೆಲ್ಲ ಮಾನ್ಯತೆ ಪಡೆದ ಸುರಕ್ಷಾ ಸಾಧನವೊಂದನ್ನು ಕಡ್ಡಾಯಗೊಳಿಸಿತು. ಹೊಸ ಕೊಳಗಳಿಗೆ 2004ರಿಂದ, ಹಳೆಯವಕ್ಕೆ 2006ರ ಜನವರಿಯೊಳಗೆ. ತಪ್ಪಿದರೆ 45,000 ಯೂರೋಗಳವರೆಗೆ ದಂಡ. ತಡೆಬೇಲಿ, ಅಲಾರಂ, ಮುಚ್ಚಳ, ಕೊಳದ ಮೇಲಿನ ಗೂಡಿನಂಥ ಹೊದಿಕೆ — ಈ ನಾಲ್ಕರಲ್ಲಿ ಆಯ್ಕೆ ಮಾಲೀಕನದು. ಅಲಾರಮ್ಮನ್ನು ಐದು ವರ್ಷದೊಳಗಿನ ಮಗು ನಿಲ್ಲಿಸುವಂತಿರಬಾರದು, ಅಂಥ ಮಗು ದಾಟಿದರೆ ಕೂಗದೆ ಇರಬಾರದು, ಕಾರಣವಿಲ್ಲದೆ ಕೂಗಲೂ ಬಾರದು ಎಂದು ನಿಯಮ. ಅಲಾರಂಗಳ ವಿಷಯದಲ್ಲಿ 2009ರ ಜುಲೈನಲ್ಲಿ ಇನ್ನೊಂದು ಆದೇಶ ಹೊರಡಿಸಿ ಅದನ್ನು ಬಿಗಿಗೊಳಿಸಬೇಕಾಯಿತು. ಕಾಗದದ ಮೇಲೆ ಸುಲಭವಾಗಿ ಕಾಣುವ ಮೂರು ಷರತ್ತುಗಳನ್ನು ಒಂದೇ ಯಂತ್ರದಿಂದ ಪಾಲಿಸುವಂತೆ ಮಾಡುವುದು ಸುಲಭವಾಗಿರಲಿಲ್ಲ.

ನ್ಯೂಜಿಲೆಂಡಿನವರು ಇದಕ್ಕೆ ಮೊದಲೇ, 1987ರಲ್ಲಿಯೇ, ಕೊಳಗಳಿಗೆ ಬೇಲಿ ಹಾಕುವ ಕಾಯಿದೆಯನ್ನು ತಂದಿದ್ದರು. ಆಸ್ಟ್ರೇಲಿಯದ ರಾಜ್ಯಗಳೂ ಬೇಲಿಯನ್ನೇ ನೆಚ್ಚಿದವು. ಮೂರು ಕಡೆ ಬೇಲಿ, ನಾಲ್ಕನೆಯ ಕಡೆ ಮನೆ ಎಂಬ ಏರ್ಪಾಡಿಗಿಂತ ನಾಲ್ಕೂ ಕಡೆ ಸುತ್ತುವರಿದ ಬೇಲಿಯೇ ಮಕ್ಕಳನ್ನು ಹೆಚ್ಚು ಉಳಿಸುತ್ತದೆಂದು ಅಧ್ಯಯನಗಳು ತೋರಿಸಿವೆ. ಏಕೆಂದರೆ ಮಗು ಬರುವುದು ಆ ನಾಲ್ಕನೆಯ ಕಡೆಯಿಂದ. ನನ್ನ ಒಲವು ಇವರ ಕಡೆಗೇ. ಬೇಲಿ ಮಗುವನ್ನು ನೀರಿಗೆ ಮುಂಚೆ ತಡೆಯುತ್ತದೆ. ನೀರಿನ ಅಲಾರಂ ಬಾಯಿ ತೆರೆಯುವುದೇ ಮಗು ಬಿದ್ದ ಮೇಲೆ. ಆಗಲೂ ಕೇಳುವ ಕಿವಿಯೊಂದು ಹತ್ತಿರದಲ್ಲಿರಬೇಕು. ಮುಳುಗುವವರು ಕೈಬೀಸಿ ಕೂಗುತ್ತಾರೆಂದು ನಾವೆಲ್ಲ ಸಿನಿಮಾ ನೋಡಿ ನಂಬಿದ್ದೇವೆ. ನ್ಯೂಯಾರ್ಕಿನ ಆರ್ಚರ್ಡ್ ಬೀಚಿನಲ್ಲಿ ಜೀವರಕ್ಷಕರಾಗಿದ್ದ ಫ್ರಾನ್ಸೆಸ್ಕೊ ಪಿಯಾ ಅವರು ವರ್ಷಗಟ್ಟಲೆ ಗಮನಿಸಿ ತೋರಿಸಿದ್ದು ಬೇರೆ: ಮುಳುಗುತ್ತಿರುವವನಿಗೆ ಉಸಿರೇ ಸಾಲದು, ಕೂಗುವುದೆಲ್ಲಿಂದ ಬಂತು? ಅದೆಲ್ಲ ಒಂದು ನಿಮಿಷದೊಳಗೆ ಸದ್ದಿಲ್ಲದೆ ಮುಗಿಯುತ್ತದೆ.

ಅದು ನಿಜವೆಂದು ನನಗೆ ಗೊತ್ತು. ನಿಮ್ಮಲ್ಲಿ ಹಳಬರಿಗೆ ನೆನಪಿರಬಹುದು, ಎಂಟನೆಯ ತರಗತಿಯ ಒಬ್ಬ ಹುಡುಗ ನಮ್ಮೂರ ದೇವಸ್ಥಾನದ ಕಲ್ಯಾಣಿಯಲ್ಲಿ ಹೋದದ್ದು. ಮೆಟ್ಟಿಲ ಮೇಲೆ ನಾಲ್ಕು ಹೆಂಗಸರು ಬಟ್ಟೆ ಒಗೆಯುತ್ತಿದ್ದರು; ಒಬ್ಬರಿಗೂ ಸದ್ದು ಕೇಳಿರಲಿಲ್ಲ. ಮರುದಿನ ಹಾಜರಿ ತೆಗೆಯುವಾಗ ಅಭ್ಯಾಸಬಲದಿಂದ ನಾನು ಅವನ ಹೆಸರನ್ನು ಕೂಗಿಬಿಟ್ಟೆ. ತರಗತಿಯಲ್ಲಿ ಆಗ ಆವರಿಸಿದ ಮೌನ ಇಂದಿಗೂ ನನ್ನ ಕಿವಿಯಲ್ಲಿದೆ. ನಮ್ಮ ಕಡೆ ಈಗ ಹೊಲಗಳಲ್ಲಿ ಕೃಷಿಹೊಂಡಗಳಿವೆ. ಹಾಸಿದ ಪ್ಲಾಸ್ಟಿಕ್ ಜಾರುವುದರಿಂದ ಬಿದ್ದವರು ಹತ್ತಿಬರಲಾರರು. 2023-24ರಲ್ಲಿ ಕೃಷಿಭಾಗ್ಯ ಯೋಜನೆಯನ್ನು ಮತ್ತೆ ಆರಂಭಿಸಿದಾಗ ಹೊಂಡದ ಸುತ್ತಲಿನ ತಂತಿಬೇಲಿಯನ್ನೂ ಅದರಲ್ಲಿ ಸೇರಿಸಿದರು. ಅದನ್ನು ಓದಿ ನನಗೆ ಸಮಾಧಾನವಾಯಿತು.

ಇಷ್ಟನ್ನೂ ಸಂಗ್ರಹಿಸಿ ಹೇಳಲೆಂದು ಮೊನ್ನೆ ನಾನೇ ಆ ವಿದ್ಯಾರ್ಥಿಗೆ ಫೋನು ಮಾಡಿದೆ. ಬ್ಯಾಟರಿಯ ಪ್ರಸಂಗವನ್ನೂ ಮುಚ್ಚಿಡಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ನಿನ್ನೆ ಸಂಜೆ ಅವನ ಹೆಂಡತಿಯಿಂದ ಕರೆ ಬಂತು: “ಸಾರ್, ಕಬ್ಬಿಣದ ಕೆಲಸದವರು ಬಂದಿದಾರೆ. ಚಿಲಕ ಎಷ್ಟು ಎತ್ತರ ಅಂದ್ರಿ?” ಐದು ಅಡಿ, ನೆಲದಿಂದ ಅಳೆಯಲು ಹೇಳಮ್ಮಾ, ಬೇಲಿಯ ಹತ್ತಿರ ಹೂಕುಂಡವಾಗಲೀ ಕುರ್ಚಿಯಾಗಲೀ ಇಡಬೇಡಿ, ಅಲಾರಮ್ಮೂ ಇರಲಿ ಎಂದೆ. ಗೃಹಪ್ರವೇಶ ಮುಂದಿನ ತಿಂಗಳು. ಟೇಪು ತೆಗೆದುಕೊಂಡೇ ಹೋಗುತ್ತೇನೆ.