ಕಂತಿಗೂ ಕಂತಿಗೂ ನಡುವೆ

ಕಾದಂಬರಿಯ ಚರಿತ್ರೆಯನ್ನು ನಾವು ಪುಸ್ತಕಗಳ ಚರಿತ್ರೆಯಾಗಿಯೇ ಬರೆಯುತ್ತ ಬಂದಿದ್ದೇವೆ. ಯಾವ ಕೃತಿ ಯಾವ ವರ್ಷ ಅಚ್ಚಾಯಿತು, ಎಷ್ಟು ಮುದ್ರಣ ಕಂಡಿತು, ಯಾವ ವಿಮರ್ಶಕರು ಏನೆಂದರು ಎಂಬುದಷ್ಟೇ ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಸಿಕ್ಕುತ್ತದೆ. ಕನ್ನಡ ಅಧ್ಯಾಪಕನಾಗಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಾನೂ ತರಗತಿಯಲ್ಲಿ ಇದನ್ನೇ ಹೇಳಿದವನು. ಆದರೆ ನಮ್ಮ ನಾಡಿನ ಅಸಂಖ್ಯ ಜನ ಕಾದಂಬರಿಯನ್ನು ಪುಸ್ತಕವಾಗಿ ಕಂಡವರೇ ಅಲ್ಲ. ಅವರು ಅದನ್ನು ವಾರಕ್ಕೆ ಕೆಲವು ಪುಟಗಳಂತೆ, ‘ಮುಂದುವರಿಯುವುದು’ ಎಂಬ ಒಂದು ಮಾತಿನ ಹೊಸ್ತಿಲಲ್ಲಿ ಕುಳಿತು ಓದಿದವರು, ಇಲ್ಲವೆ ಓದಿಸಿ ಕೇಳಿದವರು. ಒಂದು ಕಂತಿಗೂ ಮತ್ತೊಂದು ಕಂತಿಗೂ ನಡುವಿನ ಏಳು ದಿನಗಳಲ್ಲಿ ಅವರು ಏನು ಮಾತನಾಡಿದರು, ಏನು ಮಾಡಿದರು ಎಂಬುದಕ್ಕೆ ದಾಖಲೆಯೇ ಇಲ್ಲ. ಆ ಏಳು ದಿನಗಳ ಒಂದು ಸಣ್ಣ ಸಂಗತಿಯನ್ನು ನಾನು ಬಲ್ಲೆ; ಅದರಲ್ಲಿ ನನ್ನ ಪಾಲೂ ಇದೆ.

ಧಾರಾವಾಹಿಯ ಓದುಗರು ಸುಮ್ಮನಿರುವ ಜನರಲ್ಲ ಎಂಬುದು ಹಳೆಯ ಮಾತು. 1841ರಲ್ಲಿ ಚಾರ್ಲ್ಸ್ ಡಿಕನ್ಸನ ಕಾದಂಬರಿಯೊಂದರ ಕೊನೆಯ ಕಂತುಗಳು ಹಡಗಿನಲ್ಲಿ ನ್ಯೂಯಾರ್ಕ್ ತಲುಪುವ ಹೊತ್ತಿಗೆ ಜನ ಬಂದರಿನಲ್ಲಿ ನೆರೆದು, ಬಾಲೆ ನೆಲ್ ಬದುಕಿದ್ದಾಳೆಯೆ ಎಂದು ಕೂಗಿ ಕೇಳಿದರೆಂಬ ಕಥೆ ಪ್ರಸಿದ್ಧವಾಗಿದೆ. ಕಾನನ್ ಡಾಯಲ್ 1893ರಲ್ಲಿ ಷರ್ಲಾಕ್ ಹೋಮ್ಸನನ್ನು ಕೊಂದು ಕೈತೊಳೆದುಕೊಂಡರೂ ಓದುಗರು ಬಿಡಲಿಲ್ಲ. ಹತ್ತು ವರ್ಷದ ಮೇಲೆ ಅವನನ್ನು ಬದುಕಿಸಲೇಬೇಕಾಯಿತು. ನಮ್ಮಲ್ಲಿಯೂ ಗಳಗನಾಥರು ‘ಸದ್ಬೋಧ ಚಂದ್ರಿಕೆ’ಯ ಮೂಲಕ ಕಾದಂಬರಿಯ ರುಚಿ ಹತ್ತಿಸಿ, ಪುಸ್ತಕದ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆನ್ನುತ್ತಾರೆ. ಓದುಗನ ಮುಖವನ್ನು ಅವರಷ್ಟು ಹತ್ತಿರದಿಂದ ಕಂಡ ಲೇಖಕರು ಕನ್ನಡದಲ್ಲಿ ಎಷ್ಟು ಮಂದಿ ಇದ್ದಾರು?

ನನ್ನ ಊರು ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರ. ವೇದಾವತಿ ನಮ್ಮ ಸೀಮೆಯನ್ನು ಹಾಯ್ದು ಗಡಿ ದಾಟಿ, ಹಗರಿಯೆಂಬ ಹೆಸರಿನಲ್ಲಿ ಆಂಧ್ರದ ಭೈರವಾನಿ ತಿಪ್ಪ ಜಲಾಶಯ ಸೇರುತ್ತದೆ. 1907ರಲ್ಲಿ ಮಾರಿಕಣಿವೆಯಲ್ಲಿ ಕಟ್ಟೆ ಪೂರ್ಣಗೊಂಡ ಮೇಲೆ ನದಿಯೆಂದರೆ ನಮಗೆ ಬಹುತೇಕ ಮರಳೇ. ನೀರು ದಾಟದ ಗಡಿಯನ್ನು ಮಾತು ಮಾತ್ರ ದಿನವೂ ದಾಟುತ್ತಿತ್ತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು; ಇಲ್ಲವೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕಲ್ಯಾಣದುರ್ಗ, ರಾಯದುರ್ಗಗಳು ನಮಗೆ ಪರರಾಜ್ಯವೆಂದು ಎಂದೂ ಅನ್ನಿಸಿದ್ದಿಲ್ಲ. ತೆಲುಗು ಲಿಪಿಯನ್ನು ನಾನು ಯಾವ ಗುರುವಿನಿಂದಲೂ ಕಲಿಯಲಿಲ್ಲ. ಸಿನಿಮಾ ಗೋಡೆಪತ್ರಗಳೇ ಕಲಿಸಿದವು.

ಹಾಗೆಂದು ನಮ್ಮದು ಅಕ್ಷರಕ್ಕೆ ಬಡವಾದ ಸೀಮೆಯಲ್ಲ. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಅರ್ಪಿಸಿದ ಗುರು ಟಿ. ಎಸ್. ವೆಂಕಣ್ಣಯ್ಯನವರ ಮನೆತನ ಇದೇ ತಾಲ್ಲೂಕಿನ ತಳುಕಿನದು. ಅದೇ ಮನೆತನದ ತ. ರಾ. ಸುಬ್ಬರಾಯರು ಚಿತ್ರದುರ್ಗವೆಂಬ ಒಂದೇ ಊರನ್ನು ಹಿಡಿದು ಕಾದಂಬರಿಯ ಮೇಲೆ ಕಾದಂಬರಿ ಬರೆದವರು. ‘ಕಂಬನಿಯ ಕುಯಿಲು’ವಿನಿಂದ ‘ದುರ್ಗಾಸ್ತಮಾನ’ದವರೆಗೆ ಆ ಮಾಲೆಯನ್ನು ನಮ್ಮ ಜನ ಓದಿದ ರೀತಿ ನೋಡಬೇಕಿತ್ತು. 1779ರಲ್ಲಿ ಹೈದರಾಲಿಯಿಂದ ದುರ್ಗ ಬಿದ್ದಿತೆಂಬುದು ಮಕ್ಕಳಿಗೂ ಗೊತ್ತು. ಗೊತ್ತಿದ್ದೂ, ಈ ಸಲವಾದರೂ ಮದಕರಿನಾಯಕ ಉಳಿದಾನೇನೋ ಎಂಬಂತೆ ಪುಟ ತಿರುವುತ್ತಿದ್ದ ಹಿರಿಯರನ್ನು ನಾನು ಕಂಡಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. 1980ರ ಆಸುಪಾಸಿನಲ್ಲಿ ‘ಆಂಧ್ರಭೂಮಿ’ ವಾರಪತ್ರಿಕೆಯಲ್ಲಿ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳಂ’ ಧಾರಾವಾಹಿಯಾಗಿ ಬರುತ್ತಿತ್ತು. ಕೇಳುಗರಲ್ಲಿ ಹಲವರಿಗೆ ಇದರ ಕನ್ನಡ ರೂಪ ನೆನಪಿರಬಹುದು. 1985ರಲ್ಲಿ ಕನ್ನಡದಲ್ಲಿ ಚಲನಚಿತ್ರವೂ ಆಯಿತು. ಆಧುನಿಕ ನಗರ, ಕಂಪನಿಯ ಉದ್ಯೋಗಸ್ಥ ತಂದೆ, ಅಕ್ಕರೆಯ ತಾಯಿ, ಬಹುಕಾಲ ಕಾದು ಪಡೆದ ತುಳಸಿ ಎಂಬ ಹೆಣ್ಣುಮಗು. ಆಸ್ತಿಯ ಆಸೆಗೆ ಯಾರೋ ಆ ಮಗುವಿನ ಮೇಲೆ ಕ್ಷುದ್ರಶಕ್ತಿಯನ್ನು ಪ್ರಯೋಗಿಸುತ್ತಾರೆ. ಒಂದು ಕಡೆ ಮಂತ್ರವಾದಿ, ಇನ್ನೊಂದು ಕಡೆ ವೈದ್ಯ. ಮಗುವಿಗೆ ಬಂದದ್ದು ಮಾಟವೋ ರೋಗವೋ ಎಂಬುದನ್ನು ಎರಡು ಅರ್ಥಕ್ಕೂ ಎಡೆಯಾಗುವಂತೆ ನಡೆಸಿದ ಕಥೆ ಅದು. ಮುಂದೆ ‘ತುಳಸಿ’ ಎಂಬ ಉತ್ತರಭಾಗವೂ ಬಂತು.

ನಾನು ಆಗ ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ. ಬೇಸಿಗೆ ರಜೆಗೆ ಊರಿಗೆ ಬಂದರೆ, ನಮ್ಮ ಮನೆಯ ಪಡಸಾಲೆಯಲ್ಲಿ ಬಿತ್ತನೆಯ ಶೇಂಗಾ ಸುಲಿಯುವ ಕೆಲಸ ನಡೆದಿರುತ್ತಿತ್ತು. ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಹೋಗುವ ಕಾಯಿಯ ಮಾತು ಬೇರೆ. ಬಿತ್ತುವ ಬೀಜವನ್ನು ಮೇಲಿನ ಸಿಪ್ಪೆ ಕೆರೆಯದಂತೆ ಕೈಯಲ್ಲೇ ಸುಲಿಯಬೇಕು. ಹತ್ತು ಹನ್ನೆರಡು ಹೆಂಗಸರು ಮಧ್ಯಾಹ್ನವಿಡೀ ಕುಳಿತು, ಸೇರಿನ ಲೆಕ್ಕದ ಕೂಲಿಗೆ ಸುಲಿಯುವರು. ಬಸ್ ನಿಲ್ದಾಣದ ಹೋಟೆಲಿನವರು ಕಂಡಕ್ಟರನ ಕೈಯಲ್ಲಿ ಕಲ್ಯಾಣದುರ್ಗದಿಂದ ಆ ಪತ್ರಿಕೆಯನ್ನು ತರಿಸುತ್ತಿದ್ದರು. ಅವರದು ಮುಗಿದ ಮೇಲೆ ನನ್ನ ಕೈಗೆ ಬರುತ್ತಿತ್ತು. ನಾನು ತೆಲುಗಿನಲ್ಲಿ ಓದಿ, ಅಲ್ಲಲ್ಲೇ ಕನ್ನಡದಲ್ಲಿ ಹೇಳುತ್ತಿದ್ದೆ. ತೆಲುಗು ಬಲ್ಲ ಮುದುಕಿಯೊಬ್ಬರು ನಾನು ಬಿಟ್ಟದ್ದನ್ನು ಸೇರಿಸುವರು, ಸೇರಿಸಿದ್ದನ್ನು ಹಿಡಿಯುವರು. ಅಂಥ ಪರೀಕ್ಷಕರು ನನಗೆ ವಿಶ್ವವಿದ್ಯಾಲಯದಲ್ಲಿಯೂ ಸಿಕ್ಕಲಿಲ್ಲ.

ಆ ಕೇಳುಗರ ಪ್ರತಿಕ್ರಿಯೆ ನನ್ನನ್ನು ಬೆರಗುಗೊಳಿಸಿತು. ನಗರದ ಓದುಗರಿಗೆ ಆ ಕಥೆಯಲ್ಲಿ ಅದ್ಭುತವಾದದ್ದು ಆ ಕ್ಷುದ್ರಶಕ್ತಿ. ಫೋನು, ಕಾರು, ಆಸ್ಪತ್ರೆಗಳು ದಿನನಿತ್ಯದ ಸಂಗತಿ. ನಮ್ಮ ಪಡಸಾಲೆಯಲ್ಲಿ ಅದು ತಿರುಗಾಮುರುಗಾ. ಮಾಟದ ವಿಷಯಕ್ಕೆ ಯಾರೂ ಹುಬ್ಬೇರಿಸಲಿಲ್ಲ. ಅದು ಹೀಗಲ್ಲ ಹಾಗೆ ಮಾಡುವುದು ಎಂದು ನನ್ನನ್ನೇ ತಿದ್ದಿದರು. ಅವರಿಗೆ ಮಾಯಾಲೋಕವಾಗಿ ಕಂಡದ್ದು, ಮಗುವಿಗೆಂದೇ ಒಂದು ಕೋಣೆ, ಕರೆದೊಡನೆ ಮನೆಗೆ ಬರುವ ಡಾಕ್ಟರು! ‘ಫೋನ್ ಮಾಡಿದ್ರೆ ಬರ್ತಾನಾ ಡಾಕ್ಟ್ರು? ಸುಳ್ಳು ಬರೀತಾರೆ ಬಿಡಪ್ಪ’ ಎಂದು ಒಬ್ಬಾಕೆ ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ಒಂದು ಕಂತು ಮಗುವಿನ ಸ್ಥಿತಿ ವಿಷಮಿಸಿದಲ್ಲಿಗೆ ನಿಂತಿತು. ಹೆಂಗಸರೆಲ್ಲ ಸೇರಿ ತೀರ್ಮಾನಿಸಿ, ಪತ್ರಿಕೆಗೆ ಒಂದು ಕಾರ್ಡು ಬರೆಯಲು ನನಗೆ ಹೇಳಿದರು. ಮಗುವನ್ನು ಕೊಲ್ಲಬಾರದು, ಬರೆಯುವವರಿಗೂ ಮಕ್ಕಳಿದ್ದಾವು, ಇದು ಪರಶುರಾಂಪುರದವರ ಕೋರಿಕೆ ಎಂಬುದು ಅದರ ಒಕ್ಕಣೆ. ನನ್ನ ತೆಲುಗು ಬರವಣಿಗೆ ಓದಿನಷ್ಟು ಗಟ್ಟಿಯಲ್ಲ. ಅಂತೂ ಬರೆದು ಡಬ್ಬಿಗೆ ಹಾಕಿದೆ. ಮುಂದಿನ ವಾರ ಮಗು ಬದುಕಿಯೇ ಇತ್ತು. ಆ ಕಂತು ನಮ್ಮ ಕಾರ್ಡು ಹೊರಡುವ ಮೊದಲೇ ಅಚ್ಚಾಗಿತ್ತೆಂದು ನಾನು ಎಷ್ಟು ಹೇಳಿದರೂ ಒಪ್ಪಲಿಲ್ಲ. ಮುಟ್ಟಿತಲ್ಲ, ಅಷ್ಟು ಸಾಕು ಎಂದರು.

ಇಲ್ಲಿಯವರೆಗೆ ಇದು ನಗುತ್ತ ಹೇಳಬಹುದಾದ ಕಥೆ.

ಸುಲಿಯಲು ಬರುತ್ತಿದ್ದವರಲ್ಲಿ ಒಬ್ಬ ತಾಯಿಗೆ ಆರೇಳು ವರ್ಷದ ಮಗಳಿದ್ದಳು. ತಾಯಿಯ ಪಕ್ಕದಲ್ಲೇ ಕುಳಿತು ತಾನೂ ಒಂದಷ್ಟು ಕಾಯಿ ಸುಲಿದು, ಅದರಲ್ಲಿ ಅರ್ಧವನ್ನು ತಿನ್ನುತ್ತಿದ್ದಳು. ಆ ಬೇಸಿಗೆಯಲ್ಲಿ ಆಕೆಗೆ ಎರಡು ಸಲ ಮೂರ್ಛೆ ಬಂತು. ಕೈಕಾಲು ಸೆಟೆದು, ಬಾಯಲ್ಲಿ ನೊರೆ. ಊರಿನವರು ಪಿಡ್ಸು ಎಂದರು. ಕಥೆಯ ಮಗುವಿನ ನರಳಾಟವನ್ನು ನಾನು ಓದಿದ್ದು ಆ ದಿನಗಳಲ್ಲೇ. ಓದಿದೆನೆಂದರೆ ಪೂರ್ತಿ ನಿಜವಾಗದು. ಕೇಳುವವರ ಕಣ್ಣರಳುವುದನ್ನು ಕಂಡು ನನಗೂ ಹುರುಪೇರಿತ್ತು. ದನಿಯನ್ನು ತಗ್ಗಿಸಿ, ಏರಿಸಿ, ಪತ್ರಿಕೆಯಲ್ಲಿಲ್ಲದ ಒಂದೆರಡು ಮಾತನ್ನೂ ಕೂಡಿಸಿದ್ದೆ. ಆ ಹೊತ್ತು ನಮ್ಮ ಮುದುಕಿ ಪರೀಕ್ಷಕರೂ ತಿದ್ದಲಿಲ್ಲ.

ಸಂಜೆ ಎಲ್ಲರೂ ಎದ್ದ ಮೇಲೆ ಆ ತಾಯಿ ಬಾಗಿಲ ಬಳಿ ನಿಂತರು. ‘ತಮ್ಮಾ, ನೀನು ಓದಿದೋನು. ಪುಸ್ತಕದಾಗೆ ಹಿಂಗೆ ಬರ್ದವ್ರಲ್ಲ, ನಮ್ಮ ಹುಡುಗಿಗೂ ಯಾರಾನ ಮಾಡಿಸಿರಬಹುದಾ?’ ಎಂದು ಕೇಳಿದರು.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ನಾಡಿನಲ್ಲಿ ದೊಡ್ಡ ಚರ್ಚೆಯೆದ್ದಿತ್ತು. ಆ ಬಿಸಿ ಆರದಿದ್ದ ಕಾಲದಲ್ಲಿ, ಹಾಸ್ಟೆಲಿನ ಊಟದ ಮೇಜಿನಲ್ಲಿ ಅವರ ಪಕ್ಷ ವಹಿಸಿ ಗಂಟೆಗಟ್ಟಲೆ ವಾದಿಸಿದವನು ನಾನು. ಅಂಥ ನಾನು ಆ ಹೊಸ್ತಿಲಲ್ಲಿ ಏನು ಹೇಳಿದೆ? ‘ಅದು ಕಥೆ, ಅಕ್ಕ. ಮುಂದಿನ ವಾರ ಏನು ಬರುತ್ತದೋ ನೋಡೋಣ’ ಎಂದೆ. ಮಗುವನ್ನು ಚಳ್ಳಕೆರೆಗೆ ಕರೆದೊಯ್ಯಿರಿ ಎಂದು ಹೇಳಲು ನನಗೆ ಬಾಯಿಯಿತ್ತು, ಬಸ್ಸಿನ ದುಡ್ಡು ಕೊಡಲು ನಮ್ಮ ಮನೆಗೆ ಶಕ್ತಿಯೂ ಇತ್ತು. ನನ್ನ ಮನಸ್ಸು ಮಾತ್ರ ಮುಂದಿನ ಕಂತಿನಲ್ಲಿತ್ತು. ಅವರಿಗೆ ಮುಂದಿನ ವಾರದವರೆಗೆ ಕಾಯುವ ಪುರುಸೊತ್ತು ಇರಲಿಲ್ಲ. ಮೂರನೆಯ ದಿನ ಮಗಳನ್ನು ಗಡಿಯಾಚೆಯ ಮಂತ್ರವಾದಿಯೊಬ್ಬನ ಬಳಿಗೆ ಕರೆದೊಯ್ದರು. ಅವನು ಹುಡುಗಿಯ ಎರಡು ಮುಂಗೈಗೂ ಬರೆ ಎಳೆದು, ಹಣ ಇಸಿದುಕೊಂಡು ಕಳುಹಿಸಿದ. ಬರೆ ಕೀವಾಗಿ ಹುಡುಗಿಗೆ ಜ್ವರ ಏರಿತು, ಮೂರ್ಛೆ ಹೆಚ್ಚಾಯಿತು. ಕೊನೆಗೆ ಚಳ್ಳಕೆರೆಯ ವೈದ್ಯರೊಬ್ಬರಲ್ಲಿಗೆ ಹೋಗುವ ಹೊತ್ತಿಗೆ ರಜೆ ಮುಗಿದು ನಾನು ಮೈಸೂರಿಗೆ ಹೊರಟಿದ್ದೆ. ಗಾಯ ಮಾಯಿತು, ದಿನಕ್ಕೊಂದು ಗಾರ್ಡಿನಾಲ್ ಮಾತ್ರೆಯಲ್ಲಿ ಮೂರ್ಛೆಯೂ ಹತೋಟಿಗೆ ಬಂತೆಂದು ಮನೆಯವರು ಕಾಗದದಲ್ಲಿ ತಿಳಿಸಿದರು.

‘ತುಳಸಿದಳಂ’ ಕುರಿತು ತೆಲುಗಿನಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. ಲೇಖಕಿ ರಂಗನಾಯಕಮ್ಮನವರು, ಇದು ತುಳಸಿದಳವಲ್ಲ, ಗಾಂಜಾ ದಮ್ಮು ಎಂಬರ್ಥದ ಹೆಸರಿಟ್ಟು ಒಂದು ವಿಮರ್ಶಾಗ್ರಂಥವನ್ನೇ ಬರೆದರು. ಕ್ಷುದ್ರವಿದ್ಯೆಯ ನಂಬಿಕೆಗೆ ಇಂಥ ಬರವಣಿಗೆ ನೀರೆರೆಯುತ್ತದೆಂಬುದು ಅವರ ಆಕ್ಷೇಪ. ಕಾದಂಬರಿಯ ಪರವಾಗಿ ಮಾತನಾಡುವವರು, ಅದರಲ್ಲಿ ವಿಜ್ಞಾನದ ವಿವರಣೆಯೂ ಸಮಸಮವಾಗಿ ಇದೆಯಲ್ಲ ಎನ್ನುತ್ತಾರೆ. ಎರಡು ಕಡೆಯವರೂ ಪುಸ್ತಕವನ್ನು ಮುಂದಿಟ್ಟುಕೊಂಡು ವಾದಿಸಿದರೆಂದು ನನಗೆ ಅನ್ನಿಸುತ್ತದೆ. ಪುಸ್ತಕ ಓದುವವನು ರಾತ್ರಿ ಹತ್ತಕ್ಕೆ ಮಂತ್ರವಾದಿಯನ್ನು ಕಂಡರೆ ಹನ್ನೆರಡಕ್ಕೆ ವೈದ್ಯನನ್ನು ತಲುಪುತ್ತಾನೆ. ದೀಪ ಆರಿಸಿ ಮಲಗುತ್ತಾನೆ. ಕಂತು ಓದುವವನಿಗೆ ಭಯ ಈ ವಾರ, ವಿವರಣೆ ಎಷ್ಟೋ ವಾರಗಳ ಮೇಲೆ. ನಡುವೆ ಅವನ ಮನೆಯಲ್ಲೂ ಮಗು ಕಾಯಿಲೆ ಬೀಳಬಹುದು. ಅದು ಬರೆದವರ ತಪ್ಪೆಂದು ನಾನು ಹೇಳಲಾರೆ. ನಮ್ಮ ಪಡಸಾಲೆಯಲ್ಲಿ ಕಥೆಯನ್ನು ನಿಲ್ಲಿಸಿ ಎರಡು ಮಾತು ಆಡಬೇಕಾದವನು ಓದುತ್ತಿದ್ದವನು, ಅವನು ಆಡಲಿಲ್ಲ.

ಮುಂದೆ ಕನ್ನಡ ವಾರಪತ್ರಿಕೆಗಳೂ ಯಂಡಮೂರಿಯವರ ಕಾದಂಬರಿಗಳನ್ನು ಧಾರಾವಾಹಿಯಾಗಿ ಕೊಟ್ಟವು. ನಮ್ಮ ವಿಭಾಗದ ಕೋಣೆಯಲ್ಲಿ ಅವುಗಳ ಹೆಸರೆತ್ತಿದರೆ ಹಿರಿಯ ಅಧ್ಯಾಪಕರು ಮುಖ ಸಿಂಡರಿಸುತ್ತಿದ್ದರು; ನಾನೂ ಅವರೊಡನೆ ಸಿಂಡರಿಸಿದೆ. ಒಬ್ಬ ವಿದ್ಯಾರ್ಥಿನಿ ಧಾರಾವಾಹಿಗಳ ಓದುಗರನ್ನು ಕುರಿತು ಪ್ರಬಂಧ ಬರೆಯುತ್ತೇನೆಂದು ಬಂದಾಗ ಬೇರೆ ವಿಷಯ ಹಿಡಿಯಲು ಸಲಹೆ ಕೊಟ್ಟೆ. ಆಗಲೇ ಯಾರಾದರೂ ಊರೂರಿಗೆ ಹೋಗಿ ಕೇಳಿದ್ದರೆ, ಪತ್ರಿಕೆಗಳಿಗೆ ಹೋದ ಸಾವಿರಾರು ಕಾರ್ಡುಗಳಲ್ಲಿ ಕೆಲವನ್ನಾದರೂ ಕಾಯ್ದಿಟ್ಟಿದ್ದರೆ, ಒಂದು ಕಾಲದ ಜನ ಯಾವುದಕ್ಕೆ ಹೆದರಿದರು, ಯಾರನ್ನು ಬದುಕಿಸಲು ಬೇಡಿಕೊಂಡರು ಎಂಬುದು ತಿಳಿಯುತ್ತಿತ್ತು. ಕಾರ್ಡುಗಳು ರದ್ದಿಗೆ ಹೋದವು. ಕೇಳಿದ ಮುದುಕಿಯರು ತೀರಿಕೊಂಡರು.

ಆ ಕಾಲದ ರೂಢಿಯಂತೆ ನಮ್ಮ ಮನೆಯಲ್ಲೂ ಧಾರಾವಾಹಿಯ ಹಾಳೆಗಳನ್ನು ಕಿತ್ತು, ದಾರದಲ್ಲಿ ಹೊಲಿದು ಇಡುತ್ತಿದ್ದರು. ನಿವೃತ್ತನಾಗಿ ಊರಿಗೆ ಹೋದಾಗ ಹಳೆಯ ಪೆಟ್ಟಿಗೆಯಲ್ಲಿ ಆ ಕಟ್ಟು ಸಿಕ್ಕಿತು. ಒಂದು ಕಂತಿನ ಹಾಳೆಗಳು ಮಾತ್ರ ಅದರಲ್ಲಿರಲಿಲ್ಲ. ಆ ಹುಡುಗಿ ಈಗ ಮೊಮ್ಮಕ್ಕಳನ್ನು ಕಂಡ ಹೆಂಗಸು. ನಮ್ಮ ಬೀದಿಯಲ್ಲೇ ಇದ್ದಾಳೆ, ಮುಂಗೈಯ ಗುರುತುಗಳು ಮಾಸಿಲ್ಲ. ಮಾತಿನ ನಡುವೆ ಆ ಕಾಣದ ಹಾಳೆಗಳ ವಿಷಯ ಬಂದಾಗ ಆಕೆಯೇ ಹೇಳಿದಳು: ಅವನ್ನು ಅಮ್ಮ ನಮ್ಮ ಅಜ್ಜಿಯನ್ನು ಕೇಳಿ ಇಸಿದುಕೊಂಡು ಹೋಗಿದ್ದರಂತೆ. ಮಗಳಿಗೆ ಆಗಿರುವುದು ಏನೆಂದು ಬಾಯಲ್ಲಿ ಹೇಳಲು ಬಾರದೆ, ಮಡಿಲಲ್ಲಿ ಕಟ್ಟಿಕೊಂಡು ಹೋಗಿ ಮಂತ್ರವಾದಿಗೆ ತೋರಿಸಿದ್ದು ಆ ತೆಲುಗು ಹಾಳೆಗಳನ್ನೇ. ಅವನಿಗೆ ಓದು ಬರುತ್ತಿರಲಿಲ್ಲವಂತೆ. ಚಿತ್ರವನ್ನು ನೋಡಿ ತಲೆಯಾಡಿಸಿ, ಹಾಳೆಗಳನ್ನು ತನ್ನ ಬಳಿಯೇ ಇಟ್ಟುಕೊಂಡನಂತೆ.